ಪಾದಕ್ಕೂ ನೀರಿಗೂ ನಡುವಿನ ನಾಲ್ಕು ಬೆರಳು

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವನು. ಮೂರು ವರ್ಷಗಳಿಂದ ಹವ್ಯಾಸಕ್ಕಾಗಿ ಛಾಯಾಗ್ರಹಣ ಮಾಡುತ್ತಿದ್ದೇನೆ. ‘ಪ್ರಕೃತಿಯಿಂದ ದೂರವಾದ ಮನುಷ್ಯ’ ಎಂಬ ಆಶಯವುಳ್ಳ ಒಂದು ಭಾವಚಿತ್ರವನ್ನು ಹೊರಾಂಗಣದಲ್ಲಿ ತೆಗೆದು, ಮುಂದಿನ ವರ್ಷದ ಪ್ರದರ್ಶನವೊಂದಕ್ಕೆ ಕೊಡಬೇಕೆಂದಿದ್ದೇನೆ. ಕೆಲಸ ನಿಂತುಹೋದ ಕೆಂಪುಕಲ್ಲಿನ ಕೋರೆಯಲ್ಲಿ ನನ್ನ ದೊಡ್ಡಮ್ಮನ ಮಗಳನ್ನು ನಿಲ್ಲಿಸಿ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿಸಿ, ಕೈಗೆ ಗಾಜಿನ ಭರಣಿಯಲ್ಲಿಟ್ಟ ಸಸಿಯೊಂದನ್ನು ಕೊಡುವ ಯೋಚನೆಯಿದೆ. ಅಕ್ಕ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ರಜೆಗೆ ಊರಿಗೆ ಬರುತ್ತಾಳೆ. ಕೋರೆಗೆ ಹೋಗಲಾಗದಿದ್ದರೆ ಮನೆಯ ಹಿಂದಿನ ಗುಡ್ಡೆಯಲ್ಲೇ ತೆಗೆಯಬಹುದು; ಅಲ್ಲಿ ಅಜ್ಜನ ಕಾಲದಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಒಂದು ಸುರಂಗವಿದೆ, ಬೋರ್‌ವೆಲ್ ಆದ ಮೇಲೆ ಅದರ ನೀರನ್ನು ಯಾರೂ ಬಳಸುತ್ತಿಲ್ಲ. ನನ್ನಲ್ಲಿ ಎ.ಪಿ.ಎಸ್.-ಸಿ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರಿನ ಕ್ಯಾಮೆರಾ, 18–55 ಮತ್ತು 50 ಎಂ.ಎಂ. ಲೆನ್ಸುಗಳು, ಒಂದು ಫ್ಲ್ಯಾಶ್ ಮತ್ತು ಟ್ರೈಪಾಡ್ ಇವೆ. ಯಾವ ಹೊತ್ತಿನ ಬೆಳಕು, ಯಾವ ಲೆನ್ಸ್, ಹೇಗೆ ತಯಾರಿ ಮಾಡಿಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಕೋರೆ, ಮಾಸ್ಕ್, ಭರಣಿ ಇಷ್ಟೇ ಕಣ್ಣಿಗೆ ಬಿದ್ದವು. ಎರಡನೆಯ ಸಲ ಓದಿದಾಗ, ‘ಕೋರೆಗೆ ಹೋಗಲಾಗದಿದ್ದರೆ’ ಎಂದು ಆರಂಭವಾಗುವ ವಾಕ್ಯದ ಬಾಲದಲ್ಲಿ, ನೀವು ಅಷ್ಟೇನೂ ಮಹತ್ವ ಕೊಡದೆ ಬರೆದುಬಿಟ್ಟ ಮಾತು ಕಂಡಿತು. ಅಜ್ಜನ ಕಾಲದ ಸುರಂಗವಿದೆ, ನೀರು ಬರುತ್ತಿದೆ, ಯಾರೂ ಬಳಸುತ್ತಿಲ್ಲ. ನೀವು ತೆಗೆಯಬೇಕಾದ ಚಿತ್ರ ಅಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೋರೆಯನ್ನು ಬಿಟ್ಟು ಸುರಂಗದ ಬಾಯಿಗೆ ಏಕೆ ಬರಬೇಕೆಂಬುದನ್ನು ಮೊದಲು ಹೇಳಿ, ಆಮೇಲೆ ಬೆಳಕು, ಲೆನ್ಸುಗಳ ವಿಷಯಕ್ಕೆ ಬರುತ್ತೇನೆ. ಏಕೆಂದರೆ ಏನನ್ನು ತೋರಿಸಬೇಕೆಂಬುದು ನಿಶ್ಚಯವಾಗದೆ ಲೆನ್ಸನ್ನು ಆರಿಸಲು ಬರುವುದಿಲ್ಲ.

ಮಾಸ್ಕ್ ಧರಿಸಿದ ಮುಖ, ಭರಣಿಯೊಳಗಿನ ಸಸಿ, ಬಿರುಕು ಬಿಟ್ಟ ನೆಲ, ಪ್ಲಾಸ್ಟಿಕ್ ಸುತ್ತಿಕೊಂಡ ದೇಹ, ಇವೆಲ್ಲ ಪರಿಸರ ದಿನದ ಭಿತ್ತಿಪತ್ರಗಳಲ್ಲಿ ನಾವು ಮತ್ತೆ ಮತ್ತೆ ನೋಡಿದ ಚಿಹ್ನೆಗಳು. ನೋಡುಗನು ಅವುಗಳನ್ನು ನೋಡುವುದಿಲ್ಲ, ಓದುತ್ತಾನೆ; ಅರ್ಥ ತಿಳಿದ ಕೂಡಲೇ ಮುಂದಿನ ಚಿತ್ರಕ್ಕೆ ಹೋಗುತ್ತಾನೆ. ಅದಕ್ಕಿಂತಲೂ ಗಂಭೀರವಾದ ಇನ್ನೊಂದು ಮಾತಿದೆ. ‘ದೂರವಾಗುವುದು’ ಎಂದರೆ ಹಿಂದೆ ಹತ್ತಿರವಿತ್ತು ಎಂದರ್ಥ. ನಿಮ್ಮ ಅಕ್ಕನಿಗೂ ಆ ಕೋರೆಗೂ ಯಾವ ನಂಟೂ ಇರಲಿಲ್ಲ. ಭರಣಿಯ ಸಸಿಗೂ ಅವಳಿಗೂ ಇರಲಿಲ್ಲ. ಇಲ್ಲದ ನಂಟು ಕಡಿಯುವುದು ಹೇಗೆ? ಆ ಚಿತ್ರದಲ್ಲಿ ನೋಡುಗನಿಗೆ ಹಾಳಾದ ಒಂದು ಜಾಗ ಮತ್ತು ಅಲಂಕರಿಸಿ ನಿಲ್ಲಿಸಿದ ಒಬ್ಬ ವ್ಯಕ್ತಿ ಮಾತ್ರ ಸಿಗುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಮಾಸ್ಕನ್ನು ರೂಪಕವಾಗಿ ಬಳಸುವಾಗ ಮತ್ತೊಂದು ಎಚ್ಚರಿಕೆಯೂ ಬೇಕು. ಇಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, 2000ನೆಯ ಇಸವಿಯ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ಉತ್ಪಾದನೆ ಮತ್ತು ಮಾರಾಟವನ್ನು ತಡೆಯುವ ಹೊತ್ತಿಗೆ ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ಎಷ್ಟೋ ಮನೆಗಳ ಬದುಕು ಮೊದಲಿನಂತೆ ಉಳಿದಿರಲಿಲ್ಲ. ವಿಷದ ಕೆಳಗೆ ಬದುಕಿದ ಆ ಜನರಿಗೆ ಮಾಸ್ಕ್ ಯಾರೂ ಕೊಟ್ಟಿರಲಿಲ್ಲ. ಅಂಥ ಊರಿನಲ್ಲಿ, ಅಂಥ ಪ್ರೇಕ್ಷಕರ ಎದುರಿನಲ್ಲಿ, ಮಾಸ್ಕ್ ತೊಟ್ಟ ರೂಪದರ್ಶಿಯನ್ನು ನಿಲ್ಲಿಸಿದರೆ ಚಿತ್ರವು ನಿಮಗೆ ಗೊತ್ತಿಲ್ಲದೆಯೇ ಆ ಕಥೆಯನ್ನು ಮುಟ್ಟುತ್ತದೆ. ಮುಟ್ಟಬಾರದೆಂದು ನಾನು ಹೇಳುತ್ತಿಲ್ಲ. ಮುಟ್ಟುವುದಾದರೆ ಅದಕ್ಕೇ ಮೀಸಲಾದ ಕೆಲಸವಾಗಬೇಕು. ಆ ಮನೆಗಳಿಗೆ ವರ್ಷಗಟ್ಟಲೆ ಹೋಗಿ ಬಂದು, ಅವರ ಒಪ್ಪಿಗೆ ಪಡೆದು ಮಾಡಬೇಕಾದ ಕೆಲಸ ಅದು. ಒಂದು ಮಧ್ಯಾಹ್ನದ ಚಿತ್ರಕ್ಕೆ ಆಭರಣವಾಗಿ ಅದು ಬರಕೂಡದು.

ಕೋರೆಯ ವಿಷಯದಲ್ಲಿ ಎರಡೇ ಮಾತು. ಕೆಲಸ ನಿಂತ ಕೋರೆಗಳ ಬದಿಗಳು ಗರಗಸದಿಂದ ಕೊಯ್ದ ನೇರ ಗೋಡೆಗಳು. ಮಳೆನೀರು ತುಂಬಿದಾಗ ಆಳ ತಿಳಿಯುವುದಿಲ್ಲ, ಕಾಲು ಜಾರಿದರೆ ಹತ್ತಿ ಬರಲು ಮೆಟ್ಟಿಲೂ ಇರುವುದಿಲ್ಲ. ಅಲ್ಲದೆ ಇಂಥ ಕೋರೆಗಳಲ್ಲಿ ಮದುವೆಗೆ ಮುಂಚಿನ ಚಿತ್ರೀಕರಣಗಳು ನಡೆದು ನಡೆದು, ಆ ಕೆಂಪು ಗೋಡೆಯನ್ನು ಕಂಡ ಕೂಡಲೇ ನಮ್ಮ ಕಣ್ಣು ಮದುಮಕ್ಕಳನ್ನು ಹುಡುಕುವಂತಾಗಿದೆ.

ಇನ್ನು ಸುರಂಗ. ನಿಮಗೆ ತಿಳಿದಿರುವ ಸಂಗತಿಯೇ ಆದರೂ, ಚಿತ್ರವನ್ನು ಯೋಜಿಸುವ ದೃಷ್ಟಿಯಿಂದ ಮತ್ತೊಮ್ಮೆ ನೆನಪಿಸಿಕೊಳ್ಳೋಣ. ನಮ್ಮ ಗುಡ್ಡೆಗಳ ಮೇಲ್ಪದರ ಗಟ್ಟಿಯಾದ ಮುರಕಲ್ಲು, ಅಂದರೆ ಕೆಂಪುಕಲ್ಲು. ಅದು ಹೊರಗಿನಿಂದ ಕಲ್ಲಾದರೂ ಒಳಗೆಲ್ಲ ತೂತು. ಮಳೆನೀರು ಆ ತೂತುಗಳ ಮೂಲಕ ಇಳಿದು, ಕೆಳಗಿರುವ, ಜೇಡಿಯಂಥ ಶೇಡಿಮಣ್ಣಿನ ಪದರದ ಮೇಲೆ ತಡೆದು ನಿಲ್ಲುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆ ಮೊದಲಾದ ಕಡೆಗಳಲ್ಲಿ ನಮ್ಮ ಹಿರಿಯರು ಆ ನೀರನ್ನು ಹುಡುಕಿಕೊಂಡು ಗುಡ್ಡೆಯ ಬದಿಯಿಂದ ಅಡ್ಡಲಾಗಿ ಕೊರೆದರು. ಒಬ್ಬ ಮನುಷ್ಯ ತುಸು ಬಗ್ಗಿ ನಡೆಯುವಷ್ಟು ಎತ್ತರ, ಎರಡು ಎರಡೂವರೆ ಅಡಿ ಅಗಲ. ಒಳಗೆ ಒಬ್ಬ ಪಿಕ್ಕಾಸಿನಿಂದ ಅಗೆಯುತ್ತ ಹೋಗುವುದು, ಮತ್ತೊಬ್ಬ ಮಣ್ಣು ಹೊರಗೆ ಸಾಗಿಸುವುದು. ಉರಿಯುವ ಮೇಣದ ಬತ್ತಿ ಬೆಳಕಿಗೂ ಆಗುತ್ತಿತ್ತು, ಉಸಿರಾಡುವ ಗಾಳಿ ಇದೆಯೋ ಇಲ್ಲವೋ ಎಂಬ ಪರೀಕ್ಷೆಗೂ ಆಗುತ್ತಿತ್ತು. ಬತ್ತಿ ಆರಿದರೆ ಹೊರಗೆ ಬರಬೇಕು. ನೀರು ಸಿಕ್ಕಿದ ಮೇಲೆ ಪಂಪು ಬೇಡ, ವಿದ್ಯುತ್ತು ಬೇಡ. ಅದು ತಾನಾಗಿ ಹರಿದು ಬಂದು, ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ಸಾಗಿ, ಅಂಗಳದ ಬದಿಯ ತೊಟ್ಟಿಗೆ ಬೀಳುತ್ತಿತ್ತು.

ಅಂದರೆ ಪ್ರಕೃತಿಗೂ ಮನುಷ್ಯನಿಗೂ ಇದ್ದ ನಂಟು ನಿಮ್ಮ ಮನೆಯ ಹಿಂದೆ ಅಳತೆ ಸಮೇತ ಕೊರೆದಿಟ್ಟ ಸ್ಥಿತಿಯಲ್ಲಿದೆ. ಬಾಯಿಯಿಂದ ಒಂದೆರಡು ಮೀಟರ್ ಒಳಗಿನ ಗೋಡೆಯನ್ನು ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ನೋಡಿ. ಪಿಕ್ಕಾಸಿನ ಏಟುಗಳು ಒಂದರ ಪಕ್ಕ ಒಂದು ಓರೆಗೆರೆಗಳಾಗಿ ಕಾಣುತ್ತವೆ. ಅಗೆದವನು ಬಲಗೈಯವನೋ ಎಡಗೈಯವನೋ ಎಂಬುದನ್ನು ಕೂಡ ಆ ಗೆರೆಗಳ ವಾಲಿಕೆಯಿಂದ ಊಹಿಸಬಹುದು. ಯಾವ ಭರಣಿಯ ಸಸಿಯೂ ಹೇಳಲಾರದ್ದನ್ನು ಆ ಗೆರೆಗಳು ಹೇಳುತ್ತವೆ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಅನುಭವ ಕಾರಣ. ಹಲವು ವರ್ಷಗಳ ಹಿಂದೆ ಇದೇ ಆಶಯದ ಎರಡು ಚಿತ್ರಗಳನ್ನು ನಾನು ಒಂದು ಪ್ರದರ್ಶನದಲ್ಲಿ ಇಟ್ಟಿದ್ದೆ. ಒಂದರಲ್ಲಿ, ಒಣಹುಲ್ಲು ತುಂಬಿದ ಪದವಿನ (ಗುಡ್ಡೆಯ ಮೇಲಿನ ಬಯಲಿನ) ನಡುವೆ, ಮೈತುಂಬ ಪ್ಲಾಸ್ಟಿಕ್ ಬಾಟಲಿಗಳನ್ನು ಕಟ್ಟಿಕೊಂಡು ನಿಂತ ಯುವಕನಿದ್ದ. ಆ ಬಾಟಲಿಗಳನ್ನು ಸಂಗ್ರಹಿಸಲು ನನಗೆ ಮೂರು ವಾರ ಹಿಡಿದಿತ್ತು. ಇನ್ನೊಂದು ಅವಸರದಲ್ಲಿ ತೆಗೆದದ್ದು: ಕಬ್ಬಿಣದ ಬಲೆ ಮುಚ್ಚಿದ ಬಾವಿಯ ಕಟ್ಟೆಯ ಮೇಲೆ ಕೈಯೂರಿ ಒಳಗೆ ನೋಡುತ್ತಿರುವ ಮಧ್ಯವಯಸ್ಸಿನ ಹೆಂಗಸು. ಬಲೆಯ ನೆರಳು ಅವರ ಮುಖದ ಮೇಲೆ ಚೌಕಚೌಕವಾಗಿ ಬಿದ್ದಿತ್ತು. ಬಾಟಲಿಯ ಚಿತ್ರವನ್ನು ಜನ ‘ಚೆನ್ನಾಗಿದೆ’ ಎಂದು ಹೇಳಿ ದಾಟಿ ಹೋದರು. ಬಾವಿಯ ಚಿತ್ರದ ಎದುರು ಒಬ್ಬರು ಅಜ್ಜಿ ಬಹಳ ಹೊತ್ತು ನಿಂತು, ‘ಇದು ಯಾರ ಮನೆಯ ಬಾವಿ?’ ಎಂದು ಕೇಳಿದರು. ಅಂದಿನಿಂದ ಪರಿಕಲ್ಪನಾ ಚಿತ್ರಗಳಿಗೆ ನಾನು ಇಟ್ಟುಕೊಂಡ ಪರೀಕ್ಷೆ ಆ ಪ್ರಶ್ನೆಯೇ. ಯಾರ ಮನೆಯದು ಎಂದು ಕೇಳಬೇಕೆನಿಸುವ ಚಿತ್ರ ನೋಡುಗನನ್ನು ಒಳಗೆ ಕರೆದಿರುತ್ತದೆ.

ಹಾಗಾದರೆ ಸುರಂಗದ ಎದುರು ನಿಮ್ಮ ಅಕ್ಕ ಏನು ಮಾಡಬೇಕು? ಕೈಯಲ್ಲಿ ಮೊಬೈಲ್ ಕೊಡಬೇಡಿ, ನೀರಿನ ಬಾಟಲಿಯನ್ನೂ ಕೊಡಬೇಡಿ. ಅವು ಮತ್ತೆ ಚಿಹ್ನೆಗಳೇ ಆಗುತ್ತವೆ. ನನ್ನ ಸಲಹೆ ಹೀಗಿದೆ. ಸುರಂಗದ ಬಾಯಿಯ ಎದುರು ಹರಿಯುವ ನೀರಿನಲ್ಲಿ, ನಮ್ಮೆಲ್ಲರ ಮನೆಯಲ್ಲೂ ಇರುವಂಥ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಇಡಿ. ಅದರ ಮೇಲೆ ಅವಳು ಕ್ಯಾಮೆರಾಕ್ಕೆ ಮುಖ ಮಾಡಿ, ನೆಟ್ಟಗೆ ಕುಳಿತುಕೊಳ್ಳಲಿ. ಎರಡೂ ಪಾದಗಳನ್ನು ನೀರಿನಿಂದ ನಾಲ್ಕು ಬೆರಳಿನಷ್ಟು ಮೇಲಕ್ಕೆ ಎತ್ತಿ ಹಿಡಿಯಲಿ. ಚಿತ್ರದ ಅರ್ಥವೆಲ್ಲ ಆ ನಾಲ್ಕು ಬೆರಳಿನ ಎಡೆಯಲ್ಲಿರಬೇಕು. ಅಜ್ಜ ಉಸಿರು ಪಣಕ್ಕಿಟ್ಟು ತಂದ ನೀರು ಕಾಲ ಬುಡದಲ್ಲೇ ಇದೆ. ಮೊಮ್ಮಗಳ ಪಾದ ಅದನ್ನು ಮುಟ್ಟುತ್ತಿಲ್ಲ.

ಈ ಭಂಗಿಗೆ ಇನ್ನೊಂದು ಗುಣವಿದೆ. ಕುರ್ಚಿಯಲ್ಲಿ ಕುಳಿತು ಪಾದಗಳನ್ನು ಎತ್ತಿ ಹಿಡಿದರೆ ಇಪ್ಪತ್ತು ಸೆಕೆಂಡಿನೊಳಗೆ ತೊಡೆ ಮತ್ತು ಹೊಟ್ಟೆಯ ಸ್ನಾಯುಗಳು ದಣಿಯತೊಡಗುತ್ತವೆ, ಆ ದಣಿವು ಕುತ್ತಿಗೆಯಲ್ಲಿ, ದವಡೆಯಲ್ಲಿ, ಕುರ್ಚಿಯ ಕೈಯನ್ನು ಹಿಡಿದ ಬೆರಳುಗಳಲ್ಲಿ ಕಾಣುತ್ತದೆ. ‘ದುಃಖದಲ್ಲಿರು’ ಎಂದು ನೀವು ಹೇಳಬೇಕಾಗಿಲ್ಲ, ಹೇಳಲೂ ಬಾರದು. ಹಾಗೆ ಹೇಳಿ ಪಡೆದ ದುಃಖ ನಾಟಕದ ಮುಖವಾಗುತ್ತದೆ. ದೂರವಾಗಿ ಉಳಿಯುವುದಕ್ಕೂ ಶ್ರಮ ಬೇಕು ಎಂಬುದನ್ನು ಅವಳ ದೇಹವೇ ತೋರಿಸಲಿ. ಒಂದು ಬಾರಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಸಬೇಡಿ. ಎರಡು ನಿಮಿಷ ವಿರಾಮ ಕೊಟ್ಟು ಮತ್ತೆ ಆರಂಭಿಸಿ. ಆರೆಂಟು ಸುತ್ತು ಸಾಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಚಿತ್ರದಲ್ಲಿ ನಿಮ್ಮ ಅಕ್ಕ ಆರೋಪಿಯಾಗಿ ಕುಳಿತಂತೆ ಕಾಣಬಾರದು. ಊರು ಬಿಟ್ಟು ಹೋದವಳು ಅವಳು ಒಬ್ಬಳೇ ಅಲ್ಲ. ಬೋರ್‌ವೆಲ್ಲಿನ ನೀರು ಕುಡಿಯುತ್ತಿರುವವರು ಊರಲ್ಲೇ ಉಳಿದ ನೀವು. ಆದ್ದರಿಂದ ಚಿತ್ರ ತೆಗೆಯುವ ಮುಂಚೆ ಅವಳಿಗೆ ಆಶಯವನ್ನು ಬಿಡಿಸಿ ಹೇಳಿ, ಅವಳಿಗೆ ಆ ಸುರಂಗದ ನೆನಪು ಏನಾದರೂ ಇದೆಯೇ ಎಂದು ಕೇಳಿ. ಅವಳು ಹೇಳುವ ಒಂದು ಮಾತಿನಿಂದ ಭಂಗಿಯೇ ಬದಲಾದರೂ ಆಗಬಹುದು. ಅದೇ ಕುರ್ಚಿಯಲ್ಲಿ ನೀವೂ ಒಮ್ಮೆ ಕುಳಿತು, ಟೈಮರ್ ಇಟ್ಟು ಒಂದು ಚಿತ್ರ ತೆಗೆದುಕೊಳ್ಳಿ. ಪ್ರದರ್ಶನಕ್ಕೆ ಅದನ್ನು ಕೊಡದಿದ್ದರೂ, ಆ ಜಾಗದಲ್ಲಿ ಕುಳಿತವರಿಗೆ ಏನು ಅನಿಸುತ್ತದೆ ಎಂಬುದು ತಿಳಿದಿರುತ್ತದೆ.

ಉಡುಪು ಅವಳದೇ ಆಗಿರಲಿ, ರಜೆಯಲ್ಲಿ ಮನೆಗೆ ಬಂದಾಗ ಅವಳು ಹಾಕಿಕೊಳ್ಳುವ ಚೂಡಿದಾರ್ ಆದರೆ ಒಳ್ಳೆಯದು. ಬಿಳಿಯ ನಿಲುವಂಗಿ, ಬಿಚ್ಚಿದ ಕೂದಲು, ಹೂವಿನ ದಂಡೆ ಬೇಡ. ಅವು ಅವಳನ್ನು ವನದೇವತೆಯನ್ನಾಗಿ ಮಾಡುತ್ತವೆ. ಬಣ್ಣ ಮಾತ್ರ ಸ್ವಲ್ಪ ಯೋಚಿಸಿ ಆರಿಸಿ. ಮುರಕಲ್ಲಿನ ಕೆಂಪಿನ ಎದುರು ಕೆಂಪು, ಕಂದು, ಕೇಸರಿ ಕರಗಿಹೋಗುತ್ತವೆ. ಬೂದು ಅಥವಾ ಮಾಸಲು ಹಸಿರು ನಿಲ್ಲುತ್ತದೆ. ಕುರ್ಚಿ ನೀಲಿಯಾಗಿರಲಿ. ಬಿಳಿಯ ಕುರ್ಚಿ ಇಡೀ ಚಿತ್ರದಲ್ಲಿ ಅತ್ಯಂತ ಬೆಳಕಿನ ವಸ್ತುವಾಗಿ ಕಣ್ಣನ್ನು ಮುಖದಿಂದ ಕಸಿದುಕೊಳ್ಳುತ್ತದೆ. ನೀಲಿ ಬಣ್ಣ ಆ ಗುಡ್ಡೆಯ ಬದಿಯಲ್ಲಿ ಬೇರೆಲ್ಲೂ ಇರುವುದಿಲ್ಲವಾದ್ದರಿಂದ, ಕುರ್ಚಿ ಹೊರಗಿನಿಂದ ಬಂದ ವಸ್ತು ಎಂಬುದು ಹೇಳದೆಯೇ ತಿಳಿಯುತ್ತದೆ. ಬೋರ್‌ವೆಲ್ಲಿನ ಕರಿಯ ಪೈಪು ಆ ಬರೆಯ (ಗುಡ್ಡೆಯ ಕಡಿದಾದ ಬದಿಯ) ಮೇಲೆ ಹಾದುಹೋಗುತ್ತಿದ್ದರೆ ಅದನ್ನು ಸರಿಸಬೇಡಿ, ಹಾಗೆಯೇ ಚೌಕಟ್ಟಿನೊಳಗೆ ಇರಲಿ. ಇಲ್ಲವಾದರೆ ತಂದು ಹಾಕಲೂ ಬೇಡಿ.

ಈಗ ಕಾಲ. ಜೂನ್, ಜುಲೈ ತಿಂಗಳುಗಳಲ್ಲಿ ಬರೆ ಜರಿಯುವ ಭಯವಿದೆ, ನೀರೂ ಕೆಂಪಗಿರುತ್ತದೆ. ಮಾರ್ಚ್ ದಾಟಿದರೆ ಹಲವು ಸುರಂಗಗಳ ನೀರು ಸಣ್ಣಗಾಗುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ನೀರು ತಿಳಿಯಾಗಿ ತುಂಬಿ ಬರುತ್ತದೆ, ಆದರೆ ಹಿಂಗಾರಿನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬಂದು ಕೆಲಸ ಕೆಡಿಸುತ್ತದೆ. ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದ ತನಕದ ಅವಧಿ ನಿಮಗೆ ಅತ್ಯುತ್ತಮ; ಕ್ರಿಸ್ಮಸ್ ರಜೆಯಲ್ಲಿ ಅಕ್ಕ ಬರುವುದಾದರೆ ಇನ್ನೂ ಅನುಕೂಲ.

ಹೊತ್ತನ್ನು ನಿರ್ಧರಿಸುವುದು ಸುರಂಗದ ದಿಕ್ಕು. ಮೊಬೈಲಿನ ದಿಕ್ಸೂಚಿ ಹಿಡಿದು ಅದರ ಬಾಯಿ ಯಾವ ಕಡೆಗೆ ತೆರೆದಿದೆ ಎಂದು ಮೊದಲು ನೋಡಿ. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ಭಾಗದಲ್ಲಿ ನಡು ಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ; ಡಿಸೆಂಬರ್ ಉತ್ತರಾರ್ಧದಲ್ಲಾದರೋ ನಡು ಹಗಲಿನಲ್ಲೂ ಅವನು ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ಆದ್ದರಿಂದ ಉತ್ತರಕ್ಕೆ ತೆರೆದ ಸುರಂಗದ ಬಾಯಿಗೆ ಆ ತಿಂಗಳಲ್ಲಿ ಇಡೀ ದಿನ ನೇರ ಬಿಸಿಲು ತಗಲುವುದಿಲ್ಲ. ನಿಮಗೆ ಬೇಕಾದ ಹೊತ್ತನ್ನು ಆರಿಸಿಕೊಳ್ಳಬಹುದು. ಪೂರ್ವಕ್ಕೆ ತೆರೆದಿದ್ದರೆ ಮಧ್ಯಾಹ್ನ ಎರಡೂವರೆಯ ಬಳಿಕ, ಪಶ್ಚಿಮಕ್ಕೆ ತೆರೆದಿದ್ದರೆ ಬೆಳಗ್ಗೆ ಒಂಬತ್ತರ ಒಳಗೆ ಗುಡ್ಡೆಯ ನೆರಳು ಸಿಗುತ್ತದೆ. ನಿಮಗೆ ಬೇಕಾದದ್ದು ಈ ನೆರಳೇ. ಸಂಜೆಯ ಹೊಂಬಿಸಿಲನ್ನು ಈ ಚಿತ್ರಕ್ಕೆ ನಾನು ಬಯಸುವುದಿಲ್ಲ. ಅದು ಬಿದ್ದ ಕೂಡಲೇ ಎಲ್ಲವೂ ಚಂದವಾಗಿ, ನಾಲ್ಕು ಬೆರಳಿನ ಎಡೆಯನ್ನು ಯಾರೂ ಗಮನಿಸದೆ ಹೋಗುತ್ತಾರೆ. ಸುರಂಗಕ್ಕೆ ಹೋಗುವ ಓಣಿಯ ಎರಡೂ ಬದಿಗೆ ಬರೆಯಿರುವುದರಿಂದ, ಬೆಳಕು ಮೇಲಿನ ಮತ್ತು ಎದುರಿನ ತೆರೆದ ಆಕಾಶದಿಂದ ಮಾತ್ರ ಬರುತ್ತದೆ. ಅದು ದೊಡ್ಡ ಕಿಟಕಿಯ ಬೆಳಕಿನಂತೆ ಮುಖದ ಮೇಲೆ ಮೆತ್ತಗೆ ಬಿದ್ದು, ಸುರಂಗದೊಳಕ್ಕೆ ಹೋದಂತೆ ಬೇಗಬೇಗನೆ ಕಪ್ಪಾಗುತ್ತದೆ.

ಕ್ಯಾಮೆರಾದ ಎತ್ತರದ ಮೇಲೆ ಈ ಚಿತ್ರ ನಿಂತಿದೆ. ನೀವು ನಿಂತುಕೊಂಡು ತೆಗೆದರೆ ಪಾದದ ಹಿಂದೆ ನೀರೇ ಕಾಣುವುದರಿಂದ ಪಾದ ನೀರಿನಲ್ಲಿದೆಯೋ ಮೇಲಿದೆಯೋ ತಿಳಿಯುವುದಿಲ್ಲ. ಟ್ರೈಪಾಡಿನ ಕಾಲುಗಳನ್ನು ಅಗಲಿಸಿ, ಲೆನ್ಸು ನೀರಿನಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ, ಅಂದರೆ ಕುಳಿತವಳ ಮೊಣಕಾಲಿನ ಮಟ್ಟಕ್ಕೆ ಬರುವಂತೆ ಇಡಿ. ಆಗ ಎಡೆ ಎಡೆಯಾಗಿಯೇ ಕಾಣುತ್ತದೆ. ಅಷ್ಟೇ ಅಲ್ಲ, ನಿಶ್ಚಲವಾದ ನೀರಿನಲ್ಲಿ ಪಾದ ಎಷ್ಟು ಮೇಲಿದೆಯೋ ಬಿಂಬ ಅಷ್ಟೇ ಕೆಳಗೆ ಮೂಡುವುದರಿಂದ, ಪಾದಕ್ಕೂ ಅದರ ಬಿಂಬಕ್ಕೂ ನಡುವೆ ಎಂಟು ಬೆರಳಿನ ಎಡೆ ತೋರುತ್ತದೆ. ನೀವು ಏನನ್ನೂ ಕೃತಕವಾಗಿ ಮಾಡದೆಯೇ ದೂರ ಇಮ್ಮಡಿಯಾಗುತ್ತದೆ.

ಇದಕ್ಕೆ ನೀರು ಅಲುಗದೆ ನಿಲ್ಲಬೇಕು. ಕುರ್ಚಿಯಿಂದ ಕೆಳಕ್ಕೆ, ಕ್ಯಾಮೆರಾದ ಕಡೆಗೆ, ಕಲ್ಲು ಮಣ್ಣು ಸೇರಿಸಿ ಒಂದು ಗೇಣು ಎತ್ತರದ ಪುಟ್ಟ ಕಟ್ಟ ಹಾಕಿ. ನೀರು ಎರಡು ಬೆರಳು ನಿಂತರೂ ಬಿಂಬಕ್ಕೆ ಸಾಕು. ಮೂರು ಮೀಟರ್ ದೂರದಿಂದ, ಅರ್ಧ ಮೀಟರ್ ಎತ್ತರದಿಂದ ನೋಡುವಾಗ ಪಾದದ ಬಿಂಬ ಪಾದದಿಂದ ಸುಮಾರು 40 ಸೆಂಟಿಮೀಟರ್ ಮುಂದಿನ ನೀರಿನಲ್ಲಿ ಮೂಡುತ್ತದೆ. ಆದ್ದರಿಂದ ಅರ್ಧ ಮೀಟರಿನಷ್ಟು ನಿಂತ ನೀರು ಎದುರಿಗಿದ್ದರೆ ಆಯಿತು. ಮುಖದ ಬಿಂಬವೂ ಬೇಕೆಂದರೆ ಎರಡು ಮೀಟರಿಗೂ ಮಿಕ್ಕಿದ ಕೊಳ ಬೇಕಾಗುತ್ತದೆ. ಅದರ ಆಸೆ ಬಿಡಿ; ಮುಖ ಒಂದೇ ಸಾಕು, ಪಾದಗಳು ಮಾತ್ರ ನಾಲ್ಕಾಗಲಿ. ಪೋಲರೈಸರ್ ಫಿಲ್ಟರ್ ಇದ್ದರೆ ಚೀಲದಲ್ಲೇ ಇರಲಿ. ನೀರಿನ ಮೇಲಿನ ಪ್ರತಿಫಲನವನ್ನು ಅಳಿಸುವುದೇ ಅದರ ಕೆಲಸ, ನಿಮಗೆ ಬೇಕಾದದ್ದು ಆ ಪ್ರತಿಫಲನವೇ.

ಲೆನ್ಸು. ನಿಮ್ಮ 50 ಎಂ.ಎಂ. ಲೆನ್ಸಿನಲ್ಲಿ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಎರಡು ಮೀಟರ್ ಎತ್ತರದ ದೃಶ್ಯವನ್ನು ಸೇರಿಸಬೇಕಾದರೆ ಸುಮಾರು ನಾಲ್ಕೂಕಾಲು ಮೀಟರ್ ಹಿಂದೆ ಹೋಗಬೇಕು. ಓಣಿ ಅಷ್ಟು ನೇರವಾಗಿ, ಉದ್ದವಾಗಿ ಇದ್ದರೆ ಅದನ್ನೇ ಬಳಸಬಹುದು. ಇಲ್ಲವಾದರೆ 18–55ನ್ನು 35ರಲ್ಲಿ ಇಟ್ಟು ಮೂರು ಮೀಟರ್ ದೂರ ನಿಲ್ಲಿ. ಸುರಂಗದ ಬಾಯಿಯ ಮೇಲಂಚೂ ಬೇಕೆನಿಸಿದರೆ 28ರ ತನಕ ಇಳಿಯಬಹುದು. ಅದಕ್ಕಿಂತ ಇಳಿದು ಹತ್ತಿರ ಹೋದರೆ ಮುಂದೆ ಚಾಚಿದ ಪಾದಗಳು ಮುಖಕ್ಕಿಂತ ದೊಡ್ಡದಾಗಿ ಕಾಣತೊಡಗುತ್ತವೆ. ಹಿನ್ನೆಲೆಯನ್ನು ಮಸುಕುಗೊಳಿಸಿ ಮುಖವನ್ನು ಎತ್ತಿ ತೋರಿಸುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಇಲ್ಲಿ ಹಾಗೆ ಮಾಡಿದರೆ ಪಿಕ್ಕಾಸಿನ ಗೆರೆಗಳೇ ಮಾಯವಾಗುತ್ತವೆ. 35 ಎಂ.ಎಂ., ಎಫ್/8 (ಲೆನ್ಸಿನ ಬೆಳಕಿನ ಕಂಡಿಯ ಅಳತೆ), ಮೂರು ಮೀಟರ್ ದೂರದ ಫೋಕಸ್ ಎಂದಿಟ್ಟುಕೊಂಡರೆ ಎರಡೂಕಾಲು ಮೀಟರಿನಿಂದ ಹೆಚ್ಚುಕಡಿಮೆ ಐದು ಮೀಟರಿನ ತನಕ ಸ್ಪಷ್ಟವಾಗಿರುತ್ತದೆ. ಪಾದ, ಮುಖ, ಸುರಂಗದ ಬಾಯಿ, ಒಳಗಿನ ಒಂದು ಮೀಟರ್ ಗೋಡೆ ಇಷ್ಟೂ ಅದರಲ್ಲಿ ಬರುತ್ತವೆ. ಫೋಕಸ್ ಕಣ್ಣಿನ ಮೇಲಿರಲಿ. ತೋಟದ ಬದಿಯ ನೆರಳಿನಲ್ಲಿ ಐ.ಎಸ್.ಒ. (ಬೆಳಕಿಗೆ ಸೆನ್ಸರಿನ ಸಂವೇದನೆ) 400ಕ್ಕೆ 1/60 ಸೆಕೆಂಡಿನ ಆಸುಪಾಸು ಬರಬಹುದು. ಕಾಲು ನಡುಗುವುದರಿಂದ ಅದು ಸಾಲದು, ಐ.ಎಸ್.ಒ. 800ಕ್ಕೆ ಏರಿಸಿ 1/125 ಇಟ್ಟುಕೊಳ್ಳಿ.

ಫ್ಲ್ಯಾಶನ್ನು ಮುಖಕ್ಕೆ ಬಳಸಬೇಡಿ. ಅದನ್ನು ಸುರಂಗದೊಳಗೆ, ಬಾಯಿಯಿಂದ ಒಂದೂವರೆ ಮೀಟರಿನಷ್ಟು ಹಿಂದೆ, ಅಕ್ಕನ ದೇಹದ ಮರೆಯಲ್ಲಿ, ಗೋಡೆಗೆ ತೀರ ಹತ್ತಿರವಾಗಿ ಇಟ್ಟು, ಬೆಳಕು ಗೋಡೆಯ ಮೈಯನ್ನು ಸವರಿಕೊಂಡು ಹೋಗುವಂತೆ ತಿರುಗಿಸಿ. ಫ್ಲ್ಯಾಶಿನ ಪೂರ್ಣ ಶಕ್ತಿಯ 1/64ರಿಂದ ಆರಂಭಿಸಿ. ಓರೆಯಾದ ಬೆಳಕಿನಲ್ಲಿ ಒಂದೊಂದು ಏಟಿನ ಗುರುತಿಗೂ ನೆರಳು ಹುಟ್ಟುತ್ತದೆ. ನೇರವಾಗಿ ಹಾಕಿದರೆ ಗೋಡೆ ಚಪ್ಪಟೆಯಾಗುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಾಳೆಯೊಂದನ್ನು ಫ್ಲ್ಯಾಶಿಗೆ ಕಟ್ಟಿದರೆ ಒಳಗಿನ ಬೆಳಕು ಬತ್ತಿಯ ಬೆಳಕಿನ ಹತ್ತಿರಕ್ಕೆ ಬರುತ್ತದೆ. ನಿಜವಾದ ಮೇಣದ ಬತ್ತಿಯನ್ನೇ ಒಳಗೆ ಹಚ್ಚಿಟ್ಟು ತೋರಿಸುವ ಆಸೆ ನಿಮಗೂ ಬರಬಹುದು, ನನಗೂ ಬಂತು. ಆದರೆ ಬತ್ತಿ ಮತ್ತು ಎತ್ತಿದ ಪಾದ, ಎರಡು ಮಾತುಗಳು ಒಂದೇ ಚಿತ್ರದಲ್ಲಿ ಜಗಳವಾಡುತ್ತವೆ. ಬತ್ತಿಯ ಚಿತ್ರ ಬೇರೆಯೇ ಆಗಲಿ.

ಬಣ್ಣದ ವಿಷಯದಲ್ಲಿ ನಮ್ಮ ನೆಲ ಛಾಯಾಗ್ರಾಹಕನಿಗೆ ಒಡ್ಡುವ ತೊಂದರೆ ಎರಡು. ಮುರಕಲ್ಲಿನಿಂದ ಮರಳಿದ ಕೆಂಪು ಬೆಳಕು ಗಲ್ಲದ ಕೆಳಗೆ ಸೇರಿಕೊಳ್ಳುತ್ತದೆ. ಅಡಿಕೆ ತೋಟದಿಂದ ಸೋಸಿ ಬಂದ ಹಸಿರು ಬೆಳಕು ಹಣೆಗೆ ಬೀಳುತ್ತದೆ. ಇವೆರಡರ ನಡುವೆ ಬಣ್ಣವನ್ನು ತಾನಾಗಿ ಸರಿಹೊಂದಿಸುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ದಾರಿ ತಪ್ಪುತ್ತದೆ. ಅಕ್ಕನ ಮುಖದ ಎದುರು ಒಂದು ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ರಟ್ಟು) ಹಿಡಿಸಿ ಮೊದಲೊಂದು ಚಿತ್ರ ತೆಗೆದಿಟ್ಟುಕೊಳ್ಳಿ, ರಾ (ಕ್ಯಾಮೆರಾ ಸಂಸ್ಕರಿಸದ) ಕಡತದಲ್ಲಿಯೇ ತೆಗೆಯಿರಿ. ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆಯ ನಕ್ಷೆಯಲ್ಲಿ) ಕೆಂಪು ವಾಹಿನಿಯನ್ನು ಪ್ರತ್ಯೇಕವಾಗಿ ನೋಡಿ. ಒಟ್ಟು ಬೆಳಕು ಸರಿಯಿದ್ದಾಗಲೂ ಒದ್ದೆ ಕಲ್ಲಿನ ಮಿನುಗಿನಲ್ಲಿ ಕೆಂಪು ತುಂಬಿ ಹರಿದಿರಬಹುದು. ಆದರೆ ಗಲ್ಲದ ಕೆಳಗಿನ ಕೆಂಪನ್ನು ಪೂರ್ತಿ ತೆಗೆದುಹಾಕಬೇಡಿ. ಅವಳ ಪಾದ ಮುಟ್ಟದ ನೆಲ ಅವಳ ಮುಖವನ್ನು ಮುಟ್ಟುತ್ತಿರುವುದು ಅಲ್ಲಿ ಮಾತ್ರ.

ತಯಾರಿಯನ್ನು ಎರಡು ದಿನಗಳಲ್ಲಿ ಹಂಚಿಕೊಳ್ಳಿ. ಮೊದಲ ದಿನ ಅಕ್ಕ ಬೇಡ. ಬೆಳಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಒಂದೇ ಜಾಗದಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ಬೆಳಕಿನ ಚಲನೆಯನ್ನು ನೋಡಿ. ಓಣಿಯ ಕಸ ತೆಗೆಯುವಾಗ ಪಾಚಿಯನ್ನೂ ಜರಿಗಿಡಗಳನ್ನೂ ಕೀಳಬೇಡಿ. ಖಾಲಿ ಕುರ್ಚಿಯನ್ನಿಟ್ಟು, ಅದರ ಮೇಲೆ ಒಂದು ತುಂಬಿದ ಗೋಣಿಯನ್ನಿಟ್ಟು ಪರೀಕ್ಷಾ ಚಿತ್ರಗಳನ್ನು ತೆಗೆಯಿರಿ. ಕೆಸರಿನಲ್ಲಿ ಕುರ್ಚಿಯ ಕಾಲು ಹುಗಿಯುತ್ತದೆ. ನಾಲ್ಕು ಕಾಲುಗಳ ಅಡಿಗೂ ನೀರಿನ ಮಟ್ಟಕ್ಕಿಂತ ಕೆಳಗೆ ಅಡಗುವಂತೆ ಚಪ್ಪಟೆ ಕಲ್ಲುಗಳನ್ನು ಕೂರಿಸಿ. ಎರಡನೆಯ ದಿನ ಎಲ್ಲವೂ ಸಿದ್ಧವಾದ ಮೇಲೆಯೇ ಅಕ್ಕನನ್ನು ಕರೆಯಿರಿ. ಅವಳು ಬಂದು ಕುಳಿತ ಮೇಲೆ ನೀರು ತಿಳಿಯಾಗಿ ನಿಲ್ಲಲು ಐದು ನಿಮಿಷವಾದರೂ ಬೇಕು. ಆ ಐದು ನಿಮಿಷ ಯಾರೂ ನೀರಿಗೆ ಕಾಲಿಡಬಾರದು.

ಸುರಂಗದೊಳಗೆ ಎರಡು ಮೀಟರಿಗಿಂತ ಆಚೆ ನೀವಾಗಲಿ ಅಕ್ಕನಾಗಲಿ ಹೋಗಬೇಡಿ. ಬಳಕೆಯಲ್ಲಿಲ್ಲದ ಸುರಂಗದಲ್ಲಿ ಬಾವಲಿಗಳೂ ಹಾವುಗಳೂ ಇರುತ್ತವೆ, ಮೇಲಿನ ಮಾಡು (ಛಾವಣಿ) ಎಲ್ಲಿ ಸಡಿಲವಾಗಿದೆ ಎಂದು ಹೇಳಲಾಗದು, ಒಳಗಿನ ಗಾಳಿಯನ್ನೂ ನಂಬುವಂತಿಲ್ಲ. ಫ್ಲ್ಯಾಶ್ ಇಡುವ ಮುಂಚೆ ಟಾರ್ಚು ಹಾಕಿ ನೋಡಿ, ಮನೆಯ ಹಿರಿಯರೊಬ್ಬರನ್ನು ಹೊರಗೆ ನಿಲ್ಲಿಸಿಕೊಳ್ಳಿ. ಹಿಂದಿನ ದಿನ ಜೋರು ಮಳೆ ಬಂದಿದ್ದರೆ ಚಿತ್ರೀಕರಣವನ್ನು ಮುಂದೂಡಿ. ಕೆಲಸ ಮುಗಿದ ಮೇಲೆ ಕಟ್ಟವನ್ನು ಬಿಡಿಸಿ, ನೀರನ್ನು ಮೊದಲಿನ ದಾರಿಗೆ ಬಿಟ್ಟು ಬನ್ನಿ.

ಮುದ್ರಣಕ್ಕೆ 12×18 ಇಂಚಿನ ಅಳತೆ ಸಾಕು. ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲಿನದಾದರೆ ಇಂಚಿಗೆ 300ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಮ್ಯಾಟ್ ಕಾಗದದಲ್ಲಿ ಸುರಂಗದ ಕಪ್ಪು ಬೂದಿಯಾಗುವ ಸಂಭವವಿರುವುದರಿಂದ ಮೊದಲು ಸುರಂಗದ ಬಾಯಿಯ ಭಾಗವನ್ನಷ್ಟೇ ಸಣ್ಣ ಅಳತೆಯಲ್ಲಿ ಮುದ್ರಿಸಿ, ಪಿಕ್ಕಾಸಿನ ಗೆರೆಗಳು ಉಳಿದಿವೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ ಆಮೇಲೆ ಪೂರ್ತಿ ಮುದ್ರಣಕ್ಕೆ ಕೊಡಿ. ಶೀರ್ಷಿಕೆಯಲ್ಲಿ ‘ಪ್ರಕೃತಿ’, ‘ಮಾನವ’ ಎಂಬ ಪದಗಳು ಬೇಡ. ಸುರಂಗ ಎಂದು ಬರೆದು, ಊರಿನ ಹೆಸರು, ತಿಂಗಳು, ಅಗೆದವರ ಹೆಸರು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಅದು, ಇಷ್ಟನ್ನು ಕನ್ನಡದಲ್ಲೂ ಮಲಯಾಳದಲ್ಲೂ ಚಿತ್ರದ ಕೆಳಗೆ ಹಾಕಿ.